ಆರು ಕಪ್, ಒಂದು ಬಸಿ

ಜನವರಿ 6

ಮಾನ್ಯರೇ,

ವಿಷಯ: ಹೊಂಡದ ಪಕ್ಕದ ಐದು ಮೂಲೆಯ ಜಾಗದ ಹಳೆಯ ಮೋಜಣಿ.

ಮೂವತ್ತೊಂದು ವರ್ಷದ ಹಿಂದೆ ತಾವು ಅಳೆದು ಸಹಿ ಮಾಡಿದ ಜಾಗವೊಂದು ಈಗ ನನ್ನ ಮೇಜಿಗೆ ಬಂದಿದೆ. ಪತ್ರದಲ್ಲಿ ನಕ್ಷೆಯಿಲ್ಲ, ಬರವಣಿಗೆ ಮಾತ್ರ ಇದೆ. ಮೊದಲ ಬಾಂದುಕಲ್ಲಿನಿಂದ ಇಂಥ ದಿಕ್ಕಿಗೆ ಇಷ್ಟು ದೂರ ಹೋದರೆ ಎರಡನೆಯ ಕಲ್ಲು, ಅಲ್ಲಿಂದ ಇಂಥ ದಿಕ್ಕಿಗೆ ಇಷ್ಟು ದೂರ ಹೋದರೆ ಮೂರನೆಯದು, ಹೀಗೆ ಐದು ಗೆರೆ ಸುತ್ತಿ ಮತ್ತೆ ಮೊದಲ ಕಲ್ಲಿಗೆ. ನಮ್ಮ ಸಾಫ್ಟ್‌ವೇರಿನಲ್ಲಿ ದೂರಕ್ಕೊಂದು ಚೌಕ, ದಿಕ್ಕಿಗೊಂದು ಚೌಕ ಇರುತ್ತದೆ. ಎರಡನ್ನೂ ತುಂಬಿದರೆ ಗೆರೆ ತಾನೇ ಏಳುತ್ತದೆ. ಐದೂ ತುಂಬಿದೆ. ಗಡಿ ಸರಿಯಾಗಿ ಕೂಡಿತು, ಅಂಗೈ ಅಗಲದಷ್ಟೂ ಬಿರುಕು ಉಳಿಯಲಿಲ್ಲ.

ತೊಂದರೆ ಏನೆಂದರೆ, ಜಾಗ ಪೂರ್ತಿ ಹೊಂಡದೊಳಗೆ ಬಿದ್ದಿದೆ.

ಆ ಪತ್ರ ಹಿಡಿದುಕೊಂಡಿರುವ ಹೆಂಗಸು ಹೊಲಿಗೆ ಕೆಲಸದವರು. ಅವರ ಮನೆ, ಹೊಲಿಗೆಯ ಶೆಡ್ಡು ಎಲ್ಲ ಕಲ್ಲಿನ ಈಚೆ, ಒಣ ನೆಲದ ಮೇಲಿವೆ. ಸುತ್ತಲಿನ ಜಾಗ ಕೊಂಡಿರುವ ಗೋದಾಮಿನವರು, 'ನಿಮ್ಮ ಪತ್ರದ ಜಾಗ ನೀರಲ್ಲಿದೆ, ನೀವು ಕೂತಿರೋದು ನಮ್ಮ ನೆಲದ ಮೇಲೆ' ಎಂದು ಅರ್ಜಿ ಹಾಕಿದ್ದಾರೆ. ಐದು ಕಲ್ಲುಗಳಲ್ಲಿ ರಸ್ತೆಯಂಚಿನ ಮೊದಲನೆಯದು ಮಾತ್ರ ಕಾಣುತ್ತಿದೆ. ಮಿಕ್ಕವು ಎಲ್ಲಿ ಹೂತಿವೆಯೋ ಯಾರಿಗೂ ಗೊತ್ತಿಲ್ಲ.

ಅಳತೆಯ ಬಗ್ಗೆ ತಮಗೆ ನೆನಪಿರುವುದನ್ನು ತಿಳಿಸಬೇಕಾಗಿ ಕೋರಿಕೆ. ತಮ್ಮ ಕಿವಿ ಫೋನಿಗೆ ಒಗ್ಗುವುದಿಲ್ಲ ಎಂದು ಅತ್ತೆ ಹೇಳಿದ್ದರಿಂದ ಈ ಪತ್ರ.

ಇಂತಿ,
ನಕ್ಷೆ ವಿಭಾಗ, ಕಿಟಕಿ ಪಕ್ಕದ ಮೇಜು


ಜನವರಿ 15

ಕಿಟಕಿ ಪಕ್ಕದ ಮೇಜಿಗೆ,

ಆರು ವರ್ಷವಾದ ಮೇಲೆ ಮಗಳ ಕೈಬರಹ ಬಂತು ಎಂದು ಕನ್ನಡಕ ಒರೆಸಿಕೊಂಡು ಕೂತರೆ 'ಮಾನ್ಯರೇ'! ನಿನ್ನ ಅತ್ತೆ ಓದಿ ಬಿದ್ದು ಬಿದ್ದು ನಕ್ಕಳು. 'ಅಣ್ಣಾ, ನಿನಗೆ ಮನೇಲಿ ಸಿಗದ ಮರ್ಯಾದೆ ಅಂಚೇಲಿ ಬಂತಲ್ಲೋ' ಅಂದಳು. ಇರಲಿ. ಮರ್ಯಾದೆ ಎಲ್ಲಿಂದ ಬಂದರೂ ಒಳ್ಳೆಯದೇ.

ಈಗ ಕೆಲಸದ ಮಾತು. ನನ್ನ ಅಳತೆ ಹೊಂಡದಲ್ಲಿ ಬೀಳುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಅಳತೆಯ ಸರಪಳಿ ಎಳೆದಿದ್ದೇನೆ. ಒಮ್ಮೆಯೂ ಯಾರ ಮನೆಯನ್ನೂ ನೀರಿಗೆ ಇಳಿಸಿಲ್ಲ. ಮೊದಲು ನಿನ್ನ ಚೌಕಗಳನ್ನು ನೋಡು. ಹಳೆಯ ಪತ್ರದಲ್ಲಿ ಡಿಗ್ರಿಯ ಮುಂದೆ ಮೂವತ್ತು ನಿಮಿಷ ಎಂದಿದ್ದರೆ ಅದು ಅರ್ಧ ಡಿಗ್ರಿ. ನಿಮ್ಮ ಹುಡುಗರು ಅದನ್ನು ಪಾಯಿಂಟ್ ಮೂರು ಸೊನ್ನೆ ಎಂದು ಒತ್ತಿ ಕೂರುತ್ತಾರೆ. ಎರಡನೆಯದು, ನಾನು ಓದಿದ್ದು ಕಂಪಾಸಿನ ಸೂಜಿ ತೋರಿಸಿದ ಉತ್ತರ. ನಿನ್ನ ಯಂತ್ರದ ಉತ್ತರ ಬೇರೆ. ಇವೆರಡನ್ನೂ ಸರಿಪಡಿಸದೆ ಮುದುಕನ ತಲೆಗೆ ಕಟ್ಟಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಯಾವ ಹೊಂಡ, ಯಾವ ಜಾಗ ಎಂದು ನಿನ್ನ ಬರವಣಿಗೆಯಿಂದ ಗುರುತು ಹತ್ತಲಿಲ್ಲ. ಊರಿಗೆ ಹತ್ತು ಹೊಂಡಗಳಿವೆ. ಪತ್ರದ ಅಂಕಿಗಳ ಪ್ರತಿ ಕಳಿಸು.

ಈ ಕಾಗದದ ಮೂಲೆಯಲ್ಲಿ ಉಂಗುರದ ಹಾಗೆ ಕಲೆ ಇದೆ, ಟೀ ಕಪ್ಪಿನದು. ಆರು ಕಪ್ಪಿಗೆ ಒಂದೇ ಬಸಿಯ ಮನೆ ಎಂದು ನಿನಗೆ ಗೊತ್ತೇ ಇದೆ.

ಅಪ್ಪ


ಜನವರಿ 24

ಅಪ್ಪನವರಿಗೆ,

ನಿಮಿಷಗಳನ್ನು ನಾನು ಪಾಯಿಂಟ್ ಮಾಡಿ ಒತ್ತುವುದಿಲ್ಲ. ಅದನ್ನು ಎಂಟನೇ ತರಗತಿಯಲ್ಲಿ ನೀವೇ ಕಲಿಸಿದ್ದೀರಿ, ಕಿವಿ ಹಿಂಡಿ. ಸೂಜಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ವ್ಯತ್ಯಾಸವನ್ನೂ ಹಾಕಿ ನೋಡಿದೆ. ಅದು ಎರಡು ಡಿಗ್ರಿಗಿಂತ ಕಡಿಮೆ. ಅಷ್ಟು ತಿರುಗಿಸಿದರೆ ಗೋಡೆ ಒಂದಿಷ್ಟು ಸರಿಯುತ್ತದೆಯೇ ಹೊರತು, ಮನೆಗೆ ಮನೆಯೇ ನೀರಿನಿಂದ ಎದ್ದು ಬರುವುದಿಲ್ಲ.

ನಮ್ಮ ಮೇಲಧಿಕಾರಿಗೆ ಇದರಲ್ಲಿ ಕಗ್ಗಂಟೇನೂ ಕಾಣುತ್ತಿಲ್ಲ. 'ಗಡಿ ಕೂಡಿದೆ ತಾನೆ? ಕೂಡಿದ ಮೇಲೆ ಮುಗೀತಮ್ಮ. ಅಳತೆ ತಪ್ಪಿದ್ರೆ ಕೂಡ್ತಿತ್ತಾ?' ಎನ್ನುತ್ತಾರೆ. ಮಾರ್ಚ್ ಕೊನೆಗೆ ವಿಚಾರಣೆ ಇದೆ. ಅಷ್ಟರೊಳಗೆ ನಾನು ಸಹಿ ಮಾಡಿ ನಕ್ಷೆ ಒಪ್ಪಿಸಬೇಕು. ಆಮೇಲೆ ಆ ಮನೆ ಒಡೆಯುತ್ತಾರೆ.

ಹೊಲಿಗೆಯಾಕೆ ನಿನ್ನೆ ಕಚೇರಿಗೆ ಬಂದಿದ್ದರು. ಅಳತೆಪಟ್ಟಿ ಕೊರಳಲ್ಲೇ ಇತ್ತು, ಬ್ಲೌಸಿನ ಅಂಚಿಗೆ ಸೂಜಿ ಚುಚ್ಚಿಕೊಂಡಿದ್ದರು. ಪರದೆಯ ಮೇಲೆ ಹೊಂಡದ ನಡುವೆ ಮೂಡಿದ್ದ ತಮ್ಮ ಜಾಗವನ್ನು ಸುಮಾರು ಹೊತ್ತು ನೋಡಿದರು. 'ಇಲ್ಲಮ್ಮಾ, ನೀನೇ ಹೇಳು. ಮಾವ ಕೊಂಡ ಜಾಗ ಇದು. ಸೊಸೆಯಾಗಿ ಬಂದವಳು ಇಲ್ಲೇ ಮುದುಕಿ ಆದೆ. ಇಷ್ಟು ವರ್ಷ ನೀರಲ್ಲೇ ಇದ್ದಿದ್ರೆ ನನಗೆ ಕಿವಿರು ಬರ್ತಿರ್ಲಿಲ್ವಾ?' ಅಂದರು. ಪಕ್ಕದ ಮೇಜಿನವರು ನಕ್ಕರು. ಅವರೂ ನಕ್ಕರು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತವರು ಮಾತ್ರ ಮಧ್ಯಾಹ್ನದವರೆಗೂ ಏಳಲಿಲ್ಲ.

ಅಂಕಿಗಳ ಪ್ರತಿ, ನಕ್ಷೆಯ ಪ್ರತಿ ಎರಡೂ ಇದರ ಜೊತೆಗಿವೆ. ಇನ್ನೊಂದು ಸಂಗತಿ. ಪತ್ರದಲ್ಲಿ ಅಳೆದವರು ಎಂಬಲ್ಲಿ ನಿಮ್ಮ ಹೆಸರಿದೆ. ಕಲ್ಲಿನ ಬಳಿ ಗುರುತಿಗೆ ಕೋಲು ಹಿಡಿದವರು ಎಂಬಲ್ಲಿ ಖಾಲಿ ಬಿಟ್ಟಿದೆ. ನಿಮ್ಮ ಬೇರೆ ಯಾವ ಅಳತೆಯಲ್ಲೂ ಅದು ಖಾಲಿಯಿಲ್ಲ, ಹುಡುಕಿ ನೋಡಿದೆ. ಆ ದಿನ ಕೋಲು ಹಿಡಿದವರು ಯಾರು? ಬದುಕಿದ್ದರೆ ಅವರನ್ನು ಕರೆಸಿ ಕೇಳಬಹುದು.

ಮಗಳು


ಫೆಬ್ರವರಿ 27

ಅಪ್ಪನವರಿಗೆ,

ಉತ್ತರ ಬರಲಿಲ್ಲ. ನೀವು ಆರೋಗ್ಯವಾಗಿದ್ದೀರಿ, ಬೆಳಿಗ್ಗೆ ನಡೆಯಲು ಹೋಗುತ್ತೀರಿ, ಪೇಪರಿನವನ ಜೊತೆ ಜಗಳವನ್ನೂ ಆಡಿದ್ದೀರಿ ಎಂದು ಅತ್ತೆಯಿಂದ ತಿಳಿಯಿತು. ಹಾಗಾದರೆ ಬರೆಯಲು ಇಷ್ಟವಿಲ್ಲ ಎಂದೇ ಅರ್ಥ.

ನನ್ನ ಮೇಲಿನ ಸಿಟ್ಟನ್ನು ಆ ಹೆಂಗಸಿನ ಮೇಲೆ ತೀರಿಸಬೇಡಿ. ನಾನು ಮನೆ ಬಿಟ್ಟು ಬಂದದ್ದಕ್ಕೆ ಕಾರಣ ನಿಮಗೂ ಗೊತ್ತು, ನನಗೂ ಗೊತ್ತು. ಹೊರಗೆ ಅಳತೆಗೆ ಹೋಗುವ ಕೆಲಸಕ್ಕೇ ನನ್ನನ್ನು ಆರಿಸಿದ್ದರು. ಹೆಗಲಿಗೆ ಹಾಕುವ ಚೀಲ, ಗಟ್ಟಿ ಅಟ್ಟೆಯ ಬೂಟು ಎರಡನ್ನೂ ಕೊಂಡಿದ್ದೆ. ನೀವು ನಿಮ್ಮ ಹಳೆಯ ಗೆಳೆಯರಿಗೆ ಒಂದು ಮಾತು ಹಾಕಿದಿರಿ. ಸೋಮವಾರ ಹೋಗುವಷ್ಟರಲ್ಲಿ ನನ್ನ ಹೆಸರು ಮೇಜಿನ ಕೆಲಸದ ಪಟ್ಟಿಯಲ್ಲಿತ್ತು. ನನ್ನನ್ನು ಕೇಳಲಿಲ್ಲ, ನನಗೆ ಹೇಳಲೂ ಇಲ್ಲ. ಬೂಟು ಇನ್ನೂ ಡಬ್ಬಿಯಲ್ಲಿದೆ. ಕಲ್ಲು ಕಾಣದೆ ಕಲ್ಲಿನ ಗೆರೆ ಎಳೆಯುವುದೇ ನನ್ನ ಉದ್ಯೋಗವಾಯಿತು. ಇದನ್ನು ಎಂದಾದರೂ ಬರೆಯಬೇಕೆಂದಿದ್ದೆ, ಬರೆದಿದ್ದೇನೆ. ಮುಗಿಯಿತು.

ಈಗ ಬೇಕಾಗಿರುವುದು ಕೋಲು ಹಿಡಿದವರ ಹೆಸರು ಮಾತ್ರ. ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಕ್ಷೇಮ ಸಮಾಚಾರ ಬೇಡ.

ಮಗಳು


ಮಾರ್ಚ್ 8

ಗುಂಡುಸೂಜಿಗೆ,

ಚಿಕ್ಕವಳಿದ್ದಾಗ ಹೀಗೆ ಕರೆದರೆ ಕುಣಿಯುತ್ತಿದ್ದೆ. ಈಗ ಕೋಪ ಬರಬಹುದು. ಬರಲಿ. ಚುಚ್ಚುವ ಗುಣ ಹೋಗಿಲ್ಲ ಎಂದು ನಿನ್ನ ಕಾಗದ ಓದಿ ಖಾತ್ರಿಯಾಯಿತು.

ಮೊದಲ ಗೆರೆಯ ದಿಕ್ಕು ಇನ್ನೂರೈವತ್ತು ಡಿಗ್ರಿ ಎಂದು ಓದಿದ ಕೂಡಲೇ ಎಲ್ಲ ನೆನಪಾಯಿತು. ಅದು ಎಪ್ಪತ್ತು ಇರಬೇಕು. ಐದೂ ಗೆರೆಗೆ ನೂರೆಂಬತ್ತು ಡಿಗ್ರಿ ಕೂಡಿಸು, ಅಥವಾ ಕಳೆ. ಆ ಹೆಂಗಸಿನ ಮನೆ ನೀರಿನಿಂದ ಎದ್ದು ತನ್ನ ಜಾಗದಲ್ಲಿ ಕೂರುತ್ತದೆ. ಪ್ರತಿ ಗೆರೆಯೂ ಒಂದೇ ಲೆಕ್ಕದಲ್ಲಿ ತಿರುವುಮುರುವಾದ್ದರಿಂದ ಗಡಿ ಕೂಡಿತು. ಕೂಡಿದ್ದೆಲ್ಲ ಸರಿಯಲ್ಲ ಎಂದು ನಿನ್ನ ಮೇಲಧಿಕಾರಿಗೆ ನನ್ನ ಪರವಾಗಿ ಹೇಳು.

ಇಷ್ಟನ್ನು ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. ಬರೆದೆ, ಹರಿದೆ. ಯಾಕೆ ಹಾಗೆ ಓದಿದಿರಿ ಎಂದು ನೀನು ಕೇಳುವವಳೇ. ಕೇಳದಿದ್ದರೆ ನೀನು ನನ್ನ ಮಗಳೇ ಅಲ್ಲ.

ಕೋಲು ಹಿಡಿದದ್ದು ನಿನ್ನ ಅಮ್ಮ.

ಕಚೇರಿ ಕೊಟ್ಟ ಆಳು ಆ ದಿನ ಕೈಕೊಟ್ಟ. ಹೊಂಡದ ನೀರು ಇಳಿದಿದ್ದಾಗಲೇ ಅಳೆದು ಮುಗಿಸಬೇಕಿತ್ತು, ಮಾರನೆಯ ವಾರ ಆಗುತ್ತಿರಲಿಲ್ಲ. ನಾನು ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅವಳು, 'ಕೋಲು ಹಿಡಿದು ನಿಲ್ಲೋದು ತಾನೆ? ಬಟ್ಟೆ ಹರವೋ ಕೋಲು ದಿನಾ ಹಿಡೀತೀನಿ, ಅದು ನಿಮ್ಮ ಕಚೇರಿದು ಅಂದ್ರೆ ಕೊಂಬು ಬರುತ್ತಾ?' ಅಂದಳು. ಆಗ ಅವಳಿಗೆ ಏಳು ತಿಂಗಳು. ಬೇಡ ಅಂದೆ. ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು.

ಪದ್ಧತಿಯಂತೆ ಅಳೆಯುವವನು ಹಿಂದಿನ ಕಲ್ಲಿನ ಹತ್ತಿರ ಕಂಪಾಸು ಇಡಬೇಕು, ಕೋಲಿನವನು ಮುಂದಿನ ಕಲ್ಲಿಗೆ ಹೋಗಿ ನಿಲ್ಲಬೇಕು, ಅಳೆಯುವವನು ಆ ಕೋಲನ್ನು ನೋಡಿ ಡಿಗ್ರಿ ಓದಬೇಕು. ಮುಂದೆ ಎಲ್ಲ ಆಳೆತ್ತರದ ಜೊಂಡು, ಕಾಲಿಟ್ಟರೆ ಜಾರುವ ನೆಲ. ಅವಳನ್ನು ಮುಂದೆ ಕಳಿಸಲು ನನಗೆ ಧೈರ್ಯ ಬರಲಿಲ್ಲ. ನಾನೇ ಮುಂದೆ ಹೋದೆ, ಜೊಂಡು ತುಳಿದು ದಾರಿ ಮಾಡಿದೆ, ಮುಂದಿನ ಕಲ್ಲಿನ ಹತ್ತಿರ ಕಂಪಾಸು ಇಟ್ಟು ಹಿಂದಿರುಗಿ ಅವಳನ್ನು ನೋಡಿ ಡಿಗ್ರಿ ಓದಿದೆ. ಐದೂ ಕಲ್ಲಿಗೆ ಹಾಗೇ ಮಾಡಿದೆ. 'ಹಿಂದಕ್ಕೆ ನೋಡಿ ಓದಿದ್ದು' ಎಂದು ಮೇಲೆ ಬರೆದೇ ಕೊಟ್ಟಿದ್ದೆ. ಪ್ರತಿ ಮಾಡಿದ ಗುಮಾಸ್ತ ಅಂಕಿಗಳನ್ನು ಮಾತ್ರ ಇಳಿಸಿಕೊಂಡ.

ನಾಲ್ಕನೆಯ ಕಲ್ಲಿನ ಹತ್ತಿರ ಅವಳು ಜಾರಿದಳು. ನಾನು ಐದನೆಯದರ ಹತ್ತಿರ ಕಂಪಾಸಿಗೆ ಕಣ್ಣಿಟ್ಟಿದ್ದೆ. ಕೋಲು ನೆಟ್ಟಗಿತ್ತು, ನೋಡುತ್ತಿದ್ದಂತೆ ಮಾಯವಾಯಿತು. ಹೇಗೆ ಓಡಿದೆನೋ ನನಗೇ ಗೊತ್ತಿಲ್ಲ. ಸೊಂಟದವರೆಗೆ ಕೆಸರಿನಲ್ಲಿ ಕೂತಿದ್ದಳು, ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಕೋಲು. 'ಕೋಲು ನೆನೆದಿಲ್ಲ ನೋಡಿ' ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಎದೆ ಧಸಕ್ಕೆಂದದ್ದು ಧಸಕ್ಕೆಂದೇ ಉಳಿಯಿತು. ಎರಡು ತಿಂಗಳು ಕಳೆದು ನೀನು ಹುಟ್ಟಿ ಅತ್ತಾಗಲೂ, ಬೆಳೆದು ಹೆಗಲಿಗೆ ಚೀಲ ಹಾಕಿ ಬಾಗಿಲಲ್ಲಿ ನಿಂತಾಗಲೂ ಕಣ್ಣ ಮುಂದೆ ಆ ಕೋಲೇ ಮಾಯವಾಗುತ್ತಿತ್ತು. ಅವಳು ಕಾಯಿಲೆಯಲ್ಲಿ ಹೋದ ಮೇಲೆ ಅದು ಇನ್ನೂ ಹೆಚ್ಚಾಯಿತು. ಅದಕ್ಕೇ ಗೆಳೆಯನಿಗೆ ಒಂದು ಮಾತು ಹಾಕಿದೆ. ತಪ್ಪೋ ಸರಿಯೋ ನೀನೇ ತೀರ್ಮಾನ ಮಾಡಿಕೋ. ಹೆದರಿಕೆ ಮಾತ್ರ ಸುಳ್ಳಲ್ಲ.

ಬರಿಮಾತನ್ನು ವಿಚಾರಣೆಯಲ್ಲಿ ನಂಬುವುದಿಲ್ಲ, ನನಗೆ ಗೊತ್ತು. ಅದಕ್ಕೆ ಈಗ ಹೇಳುವುದನ್ನು ಗಮನವಿಟ್ಟು ಓದು. ಬಾಂದುಕಲ್ಲು ನಿಲ್ಲಿಸುವ ಮೊದಲು ಗುಂಡಿಯ ತಳಕ್ಕೆ ಇದ್ದಿಲು, ಮಡಕೆ ಚೂರು ಹಾಕುತ್ತಿದ್ದೆವು. ಕಲ್ಲು ಕಿತ್ತು ಬಿಸಾಕಿದರೂ ಇದ್ದಿಲು ಕೊಳೆಯುವುದಿಲ್ಲ, ಚೂರು ಕರಗುವುದಿಲ್ಲ. ಅವನ್ನು ತರಬೇಕಾದವನೂ ಆ ಕೈಕೊಟ್ಟ ಆಳೇ. ಇದ್ದಿಲನ್ನು ಅಮ್ಮ ಒಲೆಯಿಂದ ತಂದಳು. ಚೂರಿಗೆ ನಮ್ಮ ಮದುವೆಗೆ ಬಂದಿದ್ದ ಕಪ್ಪು-ಬಸಿಯ ಸೆಟ್ಟಿನಿಂದ ಐದು ಬಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು! ನಿನಗೇನು ಹುಚ್ಚೇ ಅಂದೆ. 'ಮಡಕೆ ಚೂರು ಎಲ್ಲಿ ಅಗೆದರೂ ಸಿಗುತ್ತೆ. ಇದು ಸಿಕ್ಕಿದ್ರೆ ನಮ್ಮದೇ ಅಂತ ಗೊತ್ತಾಗುತ್ತೆ. ಕಪ್ಪಿಗೆ ಕಿವಿ ಇದೆ, ಬಸಿ ಇಲ್ದಿದ್ರೂ ನಡೆಯುತ್ತೆ' ಅಂದಳು. ಒಂದೊಂದು ಗುಂಡಿಗೆ ಒಂದೊಂದು ಒಡೆದು ಹಾಕಿದೆವು.

ನಮ್ಮ ಮನೆಯಲ್ಲಿ ಕಪ್ ಆರು, ಬಸಿ ಒಂದು ಯಾಕೆ ಎಂದು ನೀನು ಕೇಳಿದಾಗಲೆಲ್ಲ ಅವಳು 'ಬಿತ್ತನೆಗೆ ಹೋಗಿವೆ' ಅನ್ನುತ್ತಿದ್ದಳು. ತಮಾಷೆ ಅಂದುಕೊಂಡಿದ್ದೆಯಲ್ಲ?

ನೀನು ಮೇಜಿನ ಮುಂದೆ ಕಲ್ಲು ಕಾಣದೆ ಕೂತಿದ್ದೀಯ ಎಂದು ಬರೆದಿದ್ದೀಯ. ಆ ಐದು ಕಲ್ಲಿನ ಹತ್ತಿರವೂ ನೀನಿದ್ದೆ. ನಾನು ಹಿಂದಿರುಗಿ ನೋಡಿದ್ದು ಇಬ್ಬರನ್ನು.

ಅಪ್ಪ


ಮಾರ್ಚ್ 26

ಅಪ್ಪಾ,

ಮೊದಲು ವಿಚಾರಣೆಯ ವಿಷಯ.

ನೂರೆಂಬತ್ತು ಕೂಡಿಸಿದೆ. ಮೊದಲ ಕಲ್ಲನ್ನು ಹಿಡಿದುಕೊಂಡೇ ಇಡೀ ಜಾಗ ಅರ್ಧ ಸುತ್ತು ತಿರುಗಿ ಈಚೆ ದಡಕ್ಕೆ ಬಂತು. ಹೊಲಿಗೆಯಾಕೆಯ ಮನೆ, ಶೆಡ್ಡು ಎಲ್ಲ ಗೆರೆಯ ಒಳಗೇ ಕೂತವು. ಮೇಲಧಿಕಾರಿಗೆ ತೋರಿಸಿದೆ. 'ಬೇಕಾದ ಹಾಗೆ ತಿರುಗಿಸೋಕೆ ಇದೇನು ದೋಸೆನಾ?' ಎಂದರು. ನಿಮ್ಮ ಪತ್ರದ ಅಳತೆಯ ಭಾಗವನ್ನು ಓದಿ ಹೇಳಿದೆ. ಉಳಿದದ್ದು ಓದಲಿಲ್ಲ.

ಹೊಸ ಲೆಕ್ಕದ ಪ್ರಕಾರ ಎರಡನೆಯ ಕಲ್ಲು ಬೀಳುವುದು ಆಕೆಯ ಬಟ್ಟೆ ಒಗೆಯುವ ಕಟ್ಟೆಯ ಕೆಳಗೆ. ಅಲ್ಲಿಗೆ ಹೋದೆವು. ಗೋದಾಮಿನವರ ಕಡೆಯವನೊಬ್ಬ ಕೈಕಟ್ಟಿ ನಿಂತಿದ್ದ. ಕಟ್ಟೆ ಕೀಳಬೇಕು ಎಂದು ಹೇಳಲು ನನಗೆ ಹಿಂಜರಿಕೆಯಾಯಿತು. ಹೊಲಿಗೆಯಾಕೆ, 'ಕೀಳಮ್ಮಾ, ಮನೇನೇ ಹೋಗೋ ಹೊತ್ತಲ್ಲಿ ಕಟ್ಟೆದೇನು' ಎಂದು ತಾವೇ ಹಾರೆ ತಂದುಕೊಟ್ಟರು. ಕಲ್ಲು ಇರಲಿಲ್ಲ. ಯಾವ ಕಾಲದಲ್ಲೋ ಕಿತ್ತು ಕಟ್ಟೆಗೇ ಸೇರಿಸಿರಬೇಕು. ಮೊಣಕಾಲುದ್ದ ಅಗೆದ ಮೇಲೆ ಮಣ್ಣು ಕಪ್ಪಗಾಯಿತು. ಇದ್ದಿಲು. ಅದರ ಕೆಳಗೆ ನೀಲಿ ಅಂಚಿನ ಒಂದು ಚೂರು, ಆಮೇಲೆ ಇನ್ನೊಂದು.

ನಾನು ಸ್ವಲ್ಪ ಹೊತ್ತು ಗುಂಡಿಯ ಹತ್ತಿರವೇ ಕೂತಿದ್ದೆ. ಬೂಟು ಹಾಕಿಕೊಂಡು ಹೋಗಿದ್ದೆ, ಕಚ್ಚುತ್ತಿತ್ತು. ಅಳು ಬಂತು, ಅತ್ತುಬಿಟ್ಟೆ. ಬೂಟಿಗೆ ಎಂದು ಎಲ್ಲರೂ ಅಂದುಕೊಂಡರು.

ವಿಚಾರಣೆಯ ಅಧಿಕಾರಿ ಚೂರುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಗೋದಾಮಿನ ವಕೀಲರು, 'ಸಾರ್, ಯಾರ ಹಿತ್ತಲಲ್ಲಿ ಅಗೆದರೂ ಒಡೆದ ಬಸಿ ಸಿಗುತ್ತೆ' ಎಂದರು. ಅದಕ್ಕೆ ಅಧಿಕಾರಿ, 'ಒಂದು ಕಡೆ ಸಿಕ್ಕರೆ ಸರಿ. ಐದೂ ಮೂಲೆಯಲ್ಲಿ ಒಂದೇ ಸೆಟ್ಟಿನ ಬಸಿ ಯಾರ ಹಿತ್ತಲಲ್ಲೂ ಸಿಗಲ್ಲ. ಐದನ್ನೂ ಅಳೆದು ಅಗೆದು ತೋರಿಸಲಿ. ಇದ್ದರೆ ಮನೆ ಆಕೆಯದು, ಇಲ್ಲದಿದ್ದರೆ ಇಲ್ಲ' ಎಂದು ಆದೇಶ ಮಾಡಿದರು. ಹಳೆಯ ಅಳತೆಯವರು ಹಾಜರಿರಬೇಕು ಎಂದೂ ಸೇರಿಸಿದರು.

ಅಳೆಯಲು ನಾನೇ ಹೋಗುತ್ತೇನೆ ಎಂದು ಬರೆದುಕೊಟ್ಟೆ. ಒಪ್ಪಿದ್ದಾರೆ.

ಏಪ್ರಿಲ್ ನಾಲ್ಕು, ಬೆಳಿಗ್ಗೆ, ಮೊದಲ ಕಲ್ಲಿನ ಹತ್ತಿರ ಬನ್ನಿ. ಮನೆಯಲ್ಲಿ ಉಳಿದ ಒಂದು ಬಸಿಯನ್ನು ತನ್ನಿ, ಚೂರಿನ ಜೊತೆ ಇಟ್ಟು ತೋರಿಸಬೇಕು. ಕೋಲು ನೀವು ಹಿಡಿಯಬೇಕು, ಕಂಪಾಸು ನನ್ನದು. ಹೇಗೆ ಅಳೆದಿರೋ ಹಾಗೇ ಅಳೆಯುತ್ತೇನೆ. ನಾನು ಮುಂದೆ ಹೋಗಿ ಹಿಂದಿರುಗಿ ನೋಡುತ್ತೇನೆ. ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ. ನಾಲ್ಕನೆಯದರ ಹತ್ತಿರ ಈಗಲೂ ಜಾರುತ್ತದೆ.

ಮಗಳು


ಏಪ್ರಿಲ್ 11

ಅಪ್ಪಾ,

ಆದೇಶದ ಪ್ರತಿ ಇದರ ಜೊತೆಗಿದೆ. ಐದೂ ಮೂಲೆ ಒಪ್ಪಿಕೊಂಡಿದ್ದಾರೆ. ಮನೆ ಆಕೆಯದು. ಗೋದಾಮಿನವರು ಮೇಲ್ಮನವಿಯ ಮಾತಾಡಿ ಆಮೇಲೆ ಸುಮ್ಮನಾದರು. ಒಗೆಯುವ ಕಟ್ಟೆಯನ್ನು ಕಚೇರಿಯ ಖರ್ಚಿನಲ್ಲೇ ಕಟ್ಟಿಸಿಕೊಟ್ಟೆವು. ಹೊಲಿಗೆಯಾಕೆ ನಿಮಗೊಂದು ಅಂಗಿ ಹೊಲಿದಿದ್ದಾರೆ. ಕೋಲು ಹಿಡಿದು ನಿಂತಿದ್ದಾಗಲೇ ಕಣ್ಣಳತೆಯಲ್ಲಿ ತೆಗೆದುಕೊಂಡರಂತೆ. 'ನನ್ನದೂ ಅಳತೆಯೇ ಅಲ್ವೇನಮ್ಮಾ' ಎಂದರು. ತೋಳು ಸ್ವಲ್ಪ ಉದ್ದವಾಗಬಹುದು.

ಅವತ್ತು ಎಲ್ಲರ ನಡುವೆ ಹೇಳಲಾಗದ್ದು ಒಂದಿದೆ. ನಾನು ಐದನೆಯ ಕಲ್ಲಿನ ಜಾಗದಲ್ಲಿ ಕಂಪಾಸು ಇಟ್ಟಾಗ ನೀವು ನಾಲ್ಕನೆಯದರ ಹತ್ತಿರ ನಿಂತಿದ್ದಿರಿ. ಸೂಜಿ ನಿಂತು ಬಹಳ ಹೊತ್ತಾಗಿತ್ತು. ಕೋಲು ಮಾತ್ರ ಅಲುಗುತ್ತಿತ್ತು. ಪಕ್ಕದಲ್ಲಿದ್ದವನು 'ಮೇಡಂ, ನೆಟ್ಟಗೆ ಹಿಡೀರಿ ಅಂತ ಕೂಗ್ಲಾ?' ಎಂದು ಕೇಳಿದ. ಬೇಡ, ಅವರು ಅಳತೆಯವರು, ಅವರಿಗೆ ಗೊತ್ತು ಎಂದೆ. ಕಾದೆ. ನೀವು ಕಣ್ಣೊರೆಸಿಕೊಂಡು ಕೋಲು ನಿಲ್ಲಿಸಿದ ಮೇಲೆ ಓದಿದೆ.

ಇನ್ನು ಮುಂದೆ ಹೊರಗಿನ ಅಳತೆಯ ಕೆಲಸ ಬೇಕೆಂದು ಅರ್ಜಿ ಹಾಕಿದ್ದೇನೆ. ಮೇಲಧಿಕಾರಿಯ ಮೇಜಿನ ಮೇಲಿದೆ. ಇದನ್ನು ನಿಮಗೆ ತಿಳಿಸುತ್ತಿದ್ದೇನೆ, ಕೇಳುತ್ತಿಲ್ಲ.

ಗುಂಡುಸೂಜಿ


ಏಪ್ರಿಲ್ 19

ಗುಂಡುಸೂಜಿ,

ಅಂಗಿ ಬಂತು. ತೋಳು ಉದ್ದವೇನಲ್ಲ. ನಿನ್ನ ಅತ್ತೆ, 'ಇಷ್ಟು ವಯಸ್ಸಾದ ಮೇಲೆ ನಿನ್ನನ್ನೂ ಯಾರೋ ಸರಿಯಾಗಿ ಅಳೆದರಲ್ಲ ಅಣ್ಣಾ' ಅಂದಳು.

ನಿನ್ನ ಅರ್ಜಿಯ ವಿಷಯ ತಿಳಿಯಿತು. ನಿನ್ನ ಮೇಲಧಿಕಾರಿ ಯಾರ ಶಿಷ್ಯ ಎಂದು ನನಗೆ ಚೆನ್ನಾಗಿ ಗೊತ್ತು. ಈ ಸಲ ಅವನಿಗೆ ನಾನು ಏನೂ ಬರೆಯುವುದಿಲ್ಲ. ಹೆದರಿಕೆ ಇಳಿದಿಲ್ಲ, ಇಳಿಯುವುದೂ ಇಲ್ಲ. ಅದನ್ನು ನಾನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ.

ಈಗ ಕಲ್ಲಿನ ಕೆಳಗೆ ಯಾರೂ ಏನೂ ಹಾಕುವುದಿಲ್ಲ ಎಂದು ನೀನು ಅವತ್ತು ಹೇಳಿದೆ. ನಿಮ್ಮ ಯಂತ್ರಕ್ಕೆ ಬೇಕಿಲ್ಲದಿರಬಹುದು. ನೀನು ಹಾಕು. ಇದ್ದಿಲು ಎಲ್ಲಿ ಬೇಕಾದರೂ ಸಿಗುತ್ತದೆ. ಚೂರಿಗೆ ಮಾತ್ರ ಅಂಗಡಿಗೆ ಹೋಗಬೇಡ.

ನಿನ್ನ ಮೊದಲ ಅಳತೆಗೆ ಎಷ್ಟು ಕಲ್ಲು ಎಂದು ಬರೆ. ಕಪ್ ಆರೂ ಇವೆ.

ಅಪ್ಪ